ವೆಂಟೂ ಬೆಟ್ಟದ ಬಿಸಿಲಿಗೆ ಬಲಿಯಾದ ಸವಾರ ಟಾಮ್ ಸಿಂಪ್ಸನ್

ಬೇಸಿಗೆಯ ಭಾನುವಾರ ಬೆಳಗಿನ ಜಾವ ಕನಕಪುರ ರಸ್ತೆಯಲ್ಲಿ ನಿಂತು ನೋಡಿದರೆ ಹೆಲ್ಮೆಟ್ ಧರಿಸಿದ ಸೈಕಲ್ ಸವಾರರ ಸಾಲು ಕಾಣಸಿಗುತ್ತದೆ. ಬೆಂಗಳೂರಿನಿಂದ ಕತ್ತಲಿರುವಾಗಲೇ ಹೊರಟವರು ಕನಕಪುರ ದಾಟಿ, ದೊಡ್ಡಆಲಹಳ್ಳಿಯ ಮೂಲಕ ಹಾದು, ಅರ್ಕಾವತಿಯು ಕಾವೇರಿಯನ್ನು ಸೇರುವ ಸಂಗಮದತ್ತ ಸಾಗುತ್ತಾರೆ. ಹೋಗುವಾಗ ತಂಗಾಳಿ, ಕಾಡು, ಇಳಿಜಾರು. ಬರುವಾಗ ಕಥೆಯೇ ಬೇರೆ. ಸೂರ್ಯ ನೆತ್ತಿಗೇರಿರುತ್ತಾನೆ, ಇಳಿದದ್ದನ್ನೆಲ್ಲ ಏರಬೇಕಾಗುತ್ತದೆ, ಸೀಸೆಯಲ್ಲಿದ್ದ ನೀರು ಅರ್ಧ ದಾರಿಯಲ್ಲೇ ಮುಗಿದಿರುತ್ತದೆ. ದೊಡ್ಡಆಲಹಳ್ಳಿಯ ಅಂಗಡಿಯ ಮುಂದೆ ಸೈಕಲ್ ಒರಗಿಸಿ, ಮುಖ ಕೆಂಪಾಗಿ, ಮಾತು ತೊದಲುತ್ತಾ ನೀರು ಕೇಳುವ ಸ್ಥಿತಿ ಯಾವ ಸವಾರನಿಗೂ ಬರಬಹುದು.

ಈ ಸ್ಥಿತಿಯನ್ನು ಹಗುರವಾಗಿ ಕಾಣುವವರು ಒಮ್ಮೆ ಟಾಮ್ ಸಿಂಪ್ಸನ್‌ನ ಬದುಕಿನ ಕಥೆಯನ್ನು ಓದಬೇಕು. ವಿಶ್ವ ಚಾಂಪಿಯನ್ ಪಟ್ಟ ಗೆದ್ದಿದ್ದ, ಫ್ರಾನ್ಸಿನ ಮಹಾಸ್ಪರ್ಧೆಯಲ್ಲಿ ಹಳದಿ ಅಂಗಿ ತೊಟ್ಟಿದ್ದ ಈ ಇಂಗ್ಲಿಷ್ ಸವಾರ 1967ರ ಜುಲೈ 13ರಂದು ಸುಡುಬಿಸಿಲಿನಲ್ಲಿ ಬೆಟ್ಟ ಹತ್ತುತ್ತಲೇ ಕುಸಿದು ಪ್ರಾಣ ಬಿಟ್ಟ. ಆಗ ಆತನಿಗೆ ಕೇವಲ 29 ವರ್ಷ.

ಗಣಿ ಕಾರ್ಮಿಕನ ಮಗ

ಸಿಂಪ್ಸನ್ ಹುಟ್ಟಿದ್ದು 1937ರ ನವೆಂಬರ್ 30ರಂದು, ಇಂಗ್ಲೆಂಡಿನ ಡರ್ಹಮ್ ಪ್ರಾಂತ್ಯದ ಹ್ಯಾಸ್ವೆಲ್ ಎಂಬ ಊರಿನಲ್ಲಿ. ತಂದೆ ಕಲ್ಲಿದ್ದಲು ಗಣಿಯ ಕಾರ್ಮಿಕ. ಆರು ಮಕ್ಕಳಲ್ಲಿ ಟಾಮ್ ಕಿರಿಯವ. ಯುದ್ಧಾನಂತರದ ವರ್ಷಗಳಲ್ಲಿ ಕುಟುಂಬ ನಾಟಿಂಗ್‌ಹ್ಯಾಮ್‌ಷೈರ್‌ನ ಹಾರ್ವರ್ತ್ ಎಂಬ ಮತ್ತೊಂದು ಗಣಿ ಊರಿಗೆ ಬಂದು ನೆಲೆಸಿತು. ಸುತ್ತಲ ಹಳ್ಳಿಗಳ ಮನೆಮನೆಗೆ ಸೈಕಲ್ಲಿನಲ್ಲಿ ದಿನಸಿ ತಲುಪಿಸುತ್ತಿದ್ದ ಹುಡುಗನಿಗೆ ಆ ವಾಹನವೇ ಬದುಕಿನ ದಾರಿಯಾಯಿತು. ಊರಿನ ಸೈಕ್ಲಿಂಗ್ ಸಂಘ ಸೇರಿದ. ಶಾಲೆ ಬಿಟ್ಟ ಮೇಲೆ ರೆಟ್‌ಫರ್ಡ್ ಪಟ್ಟಣದ ಎಂಜಿನಿಯರಿಂಗ್ ಕಂಪನಿಯೊಂದರಲ್ಲಿ ನಕ್ಷೆಗಾರಿಕೆಯ ತರಬೇತಿ ಪಡೆಯತೊಡಗಿದ. ಮೈಕಟ್ಟಿನಲ್ಲಿ ಸಣಕಲ. ಆದರೆ ಸೋಲೊಪ್ಪದ ಹಟದಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ತಂಡ ಪರ್ಸ್ಯೂಟ್ ವಿಭಾಗದಲ್ಲಿ ಕಂಚಿನ ಪದಕ ಗೆದ್ದಾಗ ಆ ತಂಡದಲ್ಲಿ ಸಿಂಪ್ಸನ್ ಇದ್ದ. ಆಗಷ್ಟೇ 19 ತುಂಬಿತ್ತು. 1958ರಲ್ಲಿ ಕಾರ್ಡಿಫ್‌ನಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ವೈಯಕ್ತಿಕ ಪರ್ಸ್ಯೂಟ್‌ನ ಬೆಳ್ಳಿ ದೊರೆಯಿತು. ಆದರೆ ಟ್ರ್ಯಾಕ್ ಸ್ಪರ್ಧೆಗಳಿಂದ ಆತನ ಹಸಿವು ಇಂಗಲಿಲ್ಲ. ರಸ್ತೆ ಸ್ಪರ್ಧೆಗಳ ತವರು ಯೂರೋಪಿನ ಮುಖ್ಯಭೂಮಿ. ಅಲ್ಲಿ ಗೆದ್ದರೆ ಮಾತ್ರ ಹೆಸರು, ಅಲ್ಲಿ ಗೆದ್ದರೆ ಮಾತ್ರ ಹಣ. 1959ರ ಏಪ್ರಿಲ್‌ನಲ್ಲಿ 100 ಪೌಂಡ್ ಉಳಿತಾಯ ಮತ್ತು ಎರಡು ಸೈಕಲ್‌ಗಳೊಂದಿಗೆ ಆತ ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಸೇಂಟ್ ಬ್ರಿಯೂ ಊರಿಗೆ ಬಂದಿಳಿದ. ಅದೇ ವರ್ಷ ವೃತ್ತಿಪರ ತಂಡ ಸೇರಿ, ವಿಶ್ವ ಚಾಂಪಿಯನ್‌ಷಿಪ್ ರಸ್ತೆ ಸ್ಪರ್ಧೆಯಲ್ಲಿ ನಾಲ್ಕನೆಯವನಾಗಿ ಬಂದು ಎಲ್ಲರ ಹುಬ್ಬೇರಿಸಿದ. ಅಲ್ಲಿಯೇ ಪರಿಚಯವಾದ ಹೆಲೆನ್ ಶೆರ್ಬರ್ನ್ ಎಂಬ ಇಂಗ್ಲಿಷ್ ಯುವತಿಯನ್ನು 1961ರ ಜನವರಿಯಲ್ಲಿ ವಿವಾಹವಾದ. ದಂಪತಿಗೆ ಇಬ್ಬರು ಹೆಣ್ಣುಮಕ್ಕಳು. ಸಂಸಾರ ಬೆಲ್ಜಿಯಂನ ಗೆಂಟ್ ನಗರದಲ್ಲಿ ನೆಲೆಯೂರಿತು.

ಗೆಲುವಿನ ಸಾಲು

1960ರ ಪ್ಯಾರಿಸ್–ರೂಬೇ ಸ್ಪರ್ಧೆ ಸಿಂಪ್ಸನ್‌ನ ಸ್ವಭಾವಕ್ಕೆ ಕನ್ನಡಿ ಹಿಡಿಯಿತು. ಗುಂಪನ್ನು ಹಿಂದಿಕ್ಕಿ ಏಕಾಂಗಿಯಾಗಿ ಮುನ್ನುಗ್ಗಿದ ಆತ ಬಹುದೂರ ಮುಂದಾಳಾಗಿಯೇ ಇದ್ದ. ಕೊನೆಯ ಹಂತದಲ್ಲಿ ಕಸುವು ಬತ್ತಿ ಹಿಂದೆ ಬಿದ್ದು ಒಂಬತ್ತನೆಯವನಾದ. ಟೆಲಿವಿಷನ್ ಮೂಲಕ ನೇರ ಪ್ರಸಾರವಾಗಿದ್ದ ಆ ಸ್ಪರ್ಧೆಯಲ್ಲಿ ಗೆದ್ದವನಿಗಿಂತ ಸೋತವನೇ ಜನರ ಮನಸ್ಸಿನಲ್ಲಿ ಉಳಿದ.

ಮರುವರ್ಷ, 1961ರಲ್ಲಿ, ಬೆಲ್ಜಿಯಂನ ಟೂರ್ ಆಫ್ ಫ್ಲಾಂಡರ್ಸ್ ಗೆದ್ದ ಮೊದಲ ಬ್ರಿಟನ್ ಸವಾರ ಎನಿಸಿದ. ಕೊನೆಯ ಓಟದಲ್ಲಿ ಎದುರಾಳಿಯಾಗಿದ್ದವನು ತನಗಿಂತ ವೇಗಿಯಾದ ಇಟಲಿಯ ನೀನೊ ಡೆಫಿಲಿಪಿಸ್. ಸಾಲದ್ದಕ್ಕೆ ಬಿರುಗಾಳಿಗೆ ಅಂತಿಮ ಗೆರೆಯ ಬ್ಯಾನರ್ ಬಿದ್ದುಹೋಗಿ ಗೊಂದಲವೂ ಉಂಟಾಗಿತ್ತು. ಆ ಸಂದರ್ಭವನ್ನು ಸಿಂಪ್ಸನ್ ಜಾಣ್ಮೆಯಿಂದ ಬಳಸಿಕೊಂಡ. 1962ರ ಟೂರ್ ಡಿ ಫ್ರಾನ್ಸ್‌ನಲ್ಲಿ ಹಳದಿ ಅಂಗಿ ತೊಟ್ಟ. ಯೂರೋಪಿನ ಮುಖ್ಯಭೂಮಿಯ ಹೊರಗಿನವನೊಬ್ಬ ಆ ಗೌರವ ಪಡೆದದ್ದು ಅದೇ ಮೊದಲು. ಅಂಗಿ ಒಂದೇ ದಿನ ಉಳಿಯಿತಾದರೂ ಒಟ್ಟಾರೆ ಆರನೇ ಸ್ಥಾನ ದೊರೆಯಿತು. 1963ರಲ್ಲಿ ಬೋರ್ಡೊ–ಪ್ಯಾರಿಸ್, 1964ರಲ್ಲಿ ಮಿಲಾನ್–ಸಾನ್‌ರೆಮೊ ಆತನದಾದವು. 1965ರಲ್ಲಿ ಸ್ಪೇನಿನ ಸಾನ್ ಸೆಬಾಸ್ಟಿಯನ್ ಬಳಿ ಜರ್ಮನಿಯ ರೂಡಿ ಆಲ್ಟಿಗ್‌ನನ್ನು ಹಿಂದಿಕ್ಕಿ ವಿಶ್ವ ಚಾಂಪಿಯನ್ ಆದ. ಅದೇ ವರ್ಷ ಇಟಲಿಯ ಲೊಂಬಾರ್ಡಿ ಸ್ಪರ್ಧೆಯನ್ನೂ, ಬಿಬಿಸಿ ನೀಡುವ ವರ್ಷದ ಕ್ರೀಡಾ ವ್ಯಕ್ತಿ ಪ್ರಶಸ್ತಿಯನ್ನೂ ಗೆದ್ದ. ತಲೆಗೆ ಗುಂಡುಟೋಪಿ, ಕೈಯಲ್ಲಿ ಕೊಡೆ ಹಿಡಿದು ಇಂಗ್ಲಿಷ್ ಸಾಹೇಬನಂತೆ ನಟಿಸುತ್ತಾ ಛಾಯಾಗ್ರಾಹಕರನ್ನು ನಗಿಸುತ್ತಿದ್ದ ಈ ಗಣಿಗಾರನ ಮಗ ಫ್ರಾನ್ಸಿನ ಪತ್ರಿಕೆಗಳಿಗೆ ಅಚ್ಚುಮೆಚ್ಚಾಗಿದ್ದ.

ಆದರೆ ಟೂರ್ ಡಿ ಫ್ರಾನ್ಸ್ ಮಾತ್ರ ಕೈಗೆ ಸಿಗದೆ ಕಾಡಿತು. 1965ರಲ್ಲಿ ಅನಾರೋಗ್ಯದಿಂದ ಸ್ಪರ್ಧೆ ತೊರೆಯಬೇಕಾಯಿತು. 1966ರ ಆರಂಭದಲ್ಲಿ ಸ್ಕೀಯಿಂಗ್ ಮಾಡುವಾಗ ಕಾಲು ಮುರಿಯಿತು. ಆ ವರ್ಷದ ಟೂರ್‌ನಲ್ಲಿ ಗ್ಯಾಲಿಬಿಯೆ ಘಟ್ಟದ ಇಳಿಜಾರಿನಲ್ಲಿ ಬಿದ್ದು ತೋಳಿಗೆ ಗಾಯವಾಗಿ ಮರುದಿನ ಹಿಂದೆ ಸರಿದ. 1967ರ ಆರಂಭದಲ್ಲಿ ಪ್ಯಾರಿಸ್–ನೀಸ್ ಸ್ಪರ್ಧೆ ಗೆದ್ದು ಮತ್ತೆ ಲಯಕ್ಕೆ ಬಂದ. ಸೈಕಲ್ ಸವಾರನ ದುಡಿಮೆಯ ಕಾಲ ಬಲು ಚಿಕ್ಕದು. ಮೂವತ್ತು ತುಂಬುವ ಮುನ್ನ ಟೂರ್‌ನಲ್ಲಿ ಉನ್ನತ ಸ್ಥಾನ ಪಡೆದರೆ ಮುಂದಿನ ಗುತ್ತಿಗೆಗಳು, ಕುಟುಂಬದ ಭದ್ರತೆ ಎಲ್ಲವೂ ಕೈಗೂಡುತ್ತಿದ್ದವು. ಆ ವರ್ಷದ ಜುಲೈನಲ್ಲಿ ಬ್ರಿಟನ್ ತಂಡದ ನಾಯಕನಾಗಿ ಹೊರಟಾಗ ಆತನ ಹೆಗಲ ಮೇಲೆ ಈ ಎಲ್ಲ ಭಾರವೂ ಇತ್ತು.

ನೀರಿಗೂ ಅಳತೆ

ಆಲ್ಪ್ಸ್ ಪರ್ವತಗಳ ಹಂತ ತಲುಪುವ ಹೊತ್ತಿಗೆ ಸಿಂಪ್ಸನ್‌ನ ಹೊಟ್ಟೆ ಕೆಟ್ಟಿತ್ತು. ಭೇದಿ, ಹೊಟ್ಟೆನೋವು. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ದೇಹದ ನೀರು ಮತ್ತು ಲವಣ ಸೋರಿಹೋಗುತ್ತಿತ್ತು. ಹಿಂದೆ ಸರಿಯುವಂತೆ ಆಪ್ತರು ಹೇಳಿದರೂ ಆತ ಕೇಳಲಿಲ್ಲ. ಒಟ್ಟಾರೆ ಪಟ್ಟಿಯಲ್ಲಿ ಏಳನೇ ಸ್ಥಾನದಲ್ಲಿದ್ದವನಿಗೆ ಅದನ್ನು ಬಿಟ್ಟುಕೊಡುವ ಮನಸ್ಸಿರಲಿಲ್ಲ.

ಜುಲೈ 13ರ 13ನೇ ಹಂತ ಮಾರ್ಸೇಲ್‌ನಿಂದ ಕಾರ್ಪಾಂತ್ರಾವರೆಗೆ, 211.5 ಕಿಲೋಮೀಟರ್. ನಡುವೆ ಮಾಂಟ್ ವೆಂಟೂ. ಪ್ರೊವಾನ್ಸ್ ಪ್ರಾಂತ್ಯದ ಬಯಲಿನಲ್ಲಿ ಒಂಟಿಯಾಗಿ ನಿಂತ, 1,900 ಮೀಟರಿಗೂ ಮಿಕ್ಕಿ ಎತ್ತರವಿರುವ ಬೆಟ್ಟ. ಬೆಡ್ವಾಂ ಊರಿನ ಕಡೆಯಿಂದ ಸುಮಾರು 21 ಕಿಲೋಮೀಟರ್ ಏರು. ಅರ್ಧಕ್ಕಿಂತ ಹೆಚ್ಚು ದೂರ ಕಾಡಿನ ನೆರಳಿದ್ದು, ಕೊನೆಯ ಆರೇಳು ಕಿಲೋಮೀಟರ್ ಬರೀ ಬಿಳಿಯ ಸುಣ್ಣಕಲ್ಲು. ಒಂದು ಗಿಡವಿಲ್ಲ, ಒಂದು ಹನಿ ನೀರಿಲ್ಲ. ಆ ದಿನದ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟಿತ್ತು. 1955ರಲ್ಲಿ ಇದೇ ಬೆಟ್ಟದಲ್ಲಿ ಇಂತಹುದೇ ಬಿಸಿಲಿನಲ್ಲಿ ಜಾನ್ ಮಾಲೆಜಾಕ್ ಎಂಬ ಫ್ರೆಂಚ್ ಸವಾರ ಪ್ರಜ್ಞೆ ತಪ್ಪಿ ಬಿದ್ದು, ಟೂರ್‌ನ ವೈದ್ಯ ಪಿಯೆರ್ ಡ್ಯೂಮಾ ಅವರ ಪ್ರಯತ್ನದಿಂದ ಬದುಕುಳಿದಿದ್ದ. ಎಚ್ಚರಿಕೆಯ ಗಂಟೆ ಹನ್ನೆರಡು ವರ್ಷ ಮೊದಲೇ ಬಾರಿಸಿತ್ತು.

ಇಂದಿನ ಓದುಗರಿಗೆ ನಂಬಲು ಕಷ್ಟವಾಗುವ ಸಂಗತಿಯೊಂದಿದೆ. ಆ ಕಾಲದಲ್ಲಿ ಸವಾರರು ಕುಡಿಯುವ ನೀರಿಗೂ ಮಿತಿಯಿತ್ತು. ಸೈಕಲ್ಲಿನಲ್ಲಿ ಎರಡು ಸೀಸೆ, ಆಹಾರ ನೀಡುವ ಠಾಣೆಯಲ್ಲಿ ಮತ್ತೆರಡು. ಒಟ್ಟು ಸುಮಾರು 2 ಲೀಟರ್. ಹೆಚ್ಚು ನೀರು ಕುಡಿದರೆ ಹೊಟ್ಟೆ ಭಾರವಾಗುತ್ತದೆ, ಬೆವರು ಹೆಚ್ಚುತ್ತದೆ, ನಿಜವಾದ ಸವಾರ ಬಾಯಾರಿಕೆ ತಡೆಯಬೇಕು ಎಂಬ ನಂಬಿಕೆ ಬೇರೂರಿತ್ತು. ಬಿಸಿಲಿನಲ್ಲಿ ಸೈಕಲ್ ತುಳಿಯುವವನ ಮೈಯಿಂದ ತಾಸಿಗೆ ಒಂದು ಲೀಟರ್ ಬೆವರು ಹರಿಯುವುದು ಸಾಮಾನ್ಯ. ಕೆಲವರಲ್ಲಿ ಇನ್ನೂ ಹೆಚ್ಚು. ಐದು ತಾಸಿಗೆ ಐದು ಲೀಟರ್ ಕಳೆದುಕೊಂಡು ಎರಡು ಲೀಟರ್ ಕುಡಿದವನು ಮೂರು ಲೀಟರ್ ಸಾಲದಲ್ಲಿರುತ್ತಾನೆ. ಹೊಟ್ಟೆ ಕೆಟ್ಟಿದ್ದ ಸಿಂಪ್ಸನ್‌ನ ಸಾಲ ಅದಕ್ಕಿಂತ ದೊಡ್ಡದಿದ್ದಿರಬೇಕು.

ಬಾಯಾರಿಕೆ ತಾಳಲಾರದೆ ಸವಾರರು ದಾರಿಬದಿಯ ಕಫೆಗಳಿಗೆ ನುಗ್ಗಿ ಕೈಗೆ ಸಿಕ್ಕ ಪಾನೀಯಗಳನ್ನು ಹೊತ್ತೊಯ್ಯುವುದು ಅಂದಿನ ರೂಢಿ. ಅಂದೂ ಹಾಗೆಯೇ ಆಯಿತು. ಸಹ ಸವಾರ ಕಾಲಿನ್ ಲೂಯಿಸ್ ತಂದ ಸೀಸೆಗಳಲ್ಲಿ ಕೋನ್ಯಾಕ್ ಬ್ರಾಂಡಿಯೂ ಇತ್ತು. ಸಿಂಪ್ಸನ್ ಅದನ್ನೂ ಗುಟುಕರಿಸಿದ. ಮದ್ಯ ಬಾಯಾರಿಕೆ ನೀಗಿಸುವುದಿಲ್ಲ. ಮೂತ್ರದ ಮೂಲಕ ದೇಹದ ನೀರನ್ನು ಹೊರಹಾಕುತ್ತದೆ. ಅದಕ್ಕಿಂತ ಘೋರವಾದದ್ದು ಆತನ ಅಂಗಿಯ ಜೇಬಿನಲ್ಲಿತ್ತು. ಅದು ಆಂಫೆಟಮೈನ್ ಎಂಬ ಉತ್ತೇಜಕ ಮದ್ದು. ಫ್ರಾನ್ಸ್ ಕ್ರೀಡೆಯಲ್ಲಿ ಉದ್ದೀಪನ ಮದ್ದಿನ ವಿರುದ್ಧ 1965ರಲ್ಲಿಯೇ ಕಾನೂನು ಮಾಡಿತ್ತಾದರೂ ಸವಾರರಲ್ಲಿ ಅದರ ಬಳಕೆ ವ್ಯಾಪಕವಾಗಿಯೇ ಇತ್ತು. ಈ ಮದ್ದು ದೇಹಕ್ಕೆ ಹೊಸ ಶಕ್ತಿಯನ್ನೇನೂ ಕೊಡುವುದಿಲ್ಲ. ದಣಿವಿನ ಅರಿವನ್ನು ಮರೆಮಾಚುತ್ತದೆ, ದೇಹದ ಶಾಖವನ್ನು ಹೆಚ್ಚಿಸುತ್ತದೆ. ನಿಲ್ಲು ಎಂದು ದೇಹ ಕೂಗುವ ಕೂಗು ಮಿದುಳಿಗೆ ಕೇಳಿಸದಂತಾಗುತ್ತದೆ.

ಕೊನೆಯ ಏರು

ಕಾಡು ಮುಗಿದು ಬಿಳಿ ಕಲ್ಲಿನ ಹಾದಿ ಆರಂಭವಾದ ಮೇಲೆ ಸಿಂಪ್ಸನ್ ಮುಂಚೂಣಿಯ ಗುಂಪಿನಿಂದ ಹಿಂದೆ ಬಿದ್ದ. ಶಿಖರಕ್ಕೆ ಇನ್ನೆರಡು ಕಿಲೋಮೀಟರ್ ಕೂಡ ಉಳಿದಿರಲಿಲ್ಲ. ಸೈಕಲ್ ರಸ್ತೆಯ ಅಂಚಿನಿಂದ ಅಂಚಿಗೆ ಓಲಾಡತೊಡಗಿತು. ಕೊನೆಗೆ ಒಂದು ಬದಿಗೆ ಉರುಳಿತು. ತಂಡದ ಕಾರಿನಿಂದ ಇಳಿದು ಓಡಿಬಂದ ಮೆಕ್ಯಾನಿಕ್ ಹ್ಯಾರಿ ಹಾಲ್, ಸ್ಪರ್ಧೆ ಇಲ್ಲಿಗೆ ಸಾಕೆಂದು ತಡೆಯಲು ಯತ್ನಿಸಿದ. ಸಿಂಪ್ಸನ್ ಒಪ್ಪಲಿಲ್ಲ. ಪಾದದ ಪಟ್ಟಿ ಬಿಗಿಯಬೇಕೆಂದು ಹಟ ಹಿಡಿದ. ಮತ್ತೆ ಸೈಕಲ್ ಏರಿಸಿ ತಳ್ಳಿದರು. ತನ್ನನ್ನು ಮತ್ತೆ ಸೈಕಲ್ ಮೇಲೆ ಕೂರಿಸುವಂತೆ ಆತ ಆಡಿದನೆನ್ನಲಾದ ಒಂದು ವಾಕ್ಯ ಆನಂತರ ಜಗತ್ಪ್ರಸಿದ್ಧವಾಯಿತು. ಆದರೆ ಅದು ಆತನ ಬಾಯಿಂದ ಬಂದದ್ದಲ್ಲ, ಪತ್ರಕರ್ತರೊಬ್ಬರ ಲೇಖನಿಯಿಂದ ಬಂದದ್ದು.

ಕೆಲವು ನೂರು ಮೀಟರ್ ಮಾತ್ರ ಸಾಗಿತು. ಆತ ಮತ್ತೆ ಕುಸಿದ. ಹ್ಯಾಂಡಲ್ ಹಿಡಿದ ಬೆರಳುಗಳು ಬಿಡಿಸಲಾಗದಷ್ಟು ಬಿಗಿದುಕೊಂಡಿದ್ದವು. ರಸ್ತೆಬದಿಯ ಕಲ್ಲುಗಳ ಮೇಲೆ ಮಲಗಿಸಿ ಬಾಯಿಗೆ ಬಾಯಿಟ್ಟು ಉಸಿರು ತುಂಬಲು ಯತ್ನಿಸಿದರು. ಡಾ. ಡ್ಯೂಮಾ ಬಂದರು, ಆಮ್ಲಜನಕ ನೀಡಿದರು. ಹೆಲಿಕಾಪ್ಟರ್‌ನಲ್ಲಿ ಅವಿನ್ಯೋಂ ಆಸ್ಪತ್ರೆಗೆ ಸಾಗಿಸಲಾಯಿತು. ಸಂಜೆ 5.40ಕ್ಕೆ ಸಾವು ಘೋಷಣೆಯಾಯಿತು. ಜೇಬಿನಲ್ಲಿ ಆಂಫೆಟಮೈನ್‌ನ ಎರಡು ಖಾಲಿ ಕೊಳವೆಗಳೂ ಅರ್ಧ ತುಂಬಿದ್ದ ಇನ್ನೊಂದೂ ದೊರೆತವು. ಮರಣೋತ್ತರ ಪರೀಕ್ಷೆ ದೇಹದಲ್ಲಿ ಆಂಫೆಟಮೈನ್ ಮತ್ತು ಮದ್ಯದ ಅಂಶ ಇದ್ದುದನ್ನು ದೃಢಪಡಿಸಿತು. ಬಿಸಿಲು, ನೀರಿನ ಕೊರತೆ, ಹೊಟ್ಟೆಯ ಕಾಯಿಲೆ, ಮದ್ದು, ಮದ್ಯ ಇವೆಲ್ಲ ಸೇರಿ ಒಂದು ಗಟ್ಟಿ ಹೃದಯವನ್ನು ನಿಲ್ಲಿಸಿದ್ದವು.

ಮರುದಿನ ಶೋಕತಪ್ತ ಸವಾರರು ಬ್ರಿಟನ್ ತಂಡದ ಬ್ಯಾರಿ ಹೋಬನ್‌ಗೆ ಮೊದಲು ಗೆರೆ ದಾಟಲು ಬಿಟ್ಟುಕೊಟ್ಟರು. ಹಾರ್ವರ್ತ್‌ನಲ್ಲಿ ನಡೆದ ಅಂತ್ಯಸಂಸ್ಕಾರಕ್ಕೆ ಸಾವಿರಾರು ಜನ ಸೇರಿದ್ದರು. ಆಗ ಪೂಜೊ ತಂಡದಲ್ಲಿ ಸಿಂಪ್ಸನ್‌ನ ಕಿರಿಯ ಸಹ ಸವಾರನಾಗಿದ್ದ, ಮುಂದೆ ಸೈಕ್ಲಿಂಗ್ ಲೋಕದ ದಂತಕಥೆಯಾದ ಎಡಿ ಮರ್ಕ್ಸ್ ಬೆಲ್ಜಿಯಂನಿಂದ ಬಂದಿದ್ದರು.

ಆ ಸಾವು ಕಲಿಸಿದ್ದು

ಸಿಂಪ್ಸನ್ ಸಾವಿನ ನಂತರ 1968ರ ಟೂರ್‌ನಿಂದ ಮದ್ದು ಪರೀಕ್ಷೆ ನಿಯಮಿತವಾಯಿತು. ನೀರಿನ ಮಿತಿಯ ಕುರುಡು ನಂಬಿಕೆಯೂ ಕ್ರಮೇಣ ಕರಗಿತು. ಇದೇ ದಶಕದಲ್ಲಿ ವಿಜ್ಞಾನವೂ ಹೊಸ ದಾರಿ ತೆರೆದಿತ್ತು. ಕರುಳು ಸಕ್ಕರೆ ಮತ್ತು ಉಪ್ಪನ್ನು ಜೊತೆಜೊತೆಯಾಗಿ ಹೀರಿಕೊಳ್ಳುತ್ತದೆ, ಅವುಗಳ ಬೆನ್ನಿಗೆ ನೀರೂ ಒಳಸೇರುತ್ತದೆ ಎಂಬುದನ್ನು ರಾಬರ್ಟ್ ಕ್ರೇನ್ 1960ರಲ್ಲಿ ವಿವರಿಸಿದ್ದರು. 1965ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಡಾ. ರಾಬರ್ಟ್ ಕೇಡ್ ತಂಡ ಆಟಗಾರರಿಗಾಗಿ ಗೇಟರೇಡ್ ಪಾನೀಯ ರೂಪಿಸಿತು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ನಮ್ಮವರೇ ಆದ ಡಾ. ದಿಲೀಪ್ ಮಹಲನಬೀಸ್ ಸಕ್ಕರೆ, ಉಪ್ಪು ಬೆರೆತ ನೀರಿನಿಂದ ಅಸಂಖ್ಯ ಜೀವ ಉಳಿಸಿದ್ದು ಇದೇ ತತ್ವದ ಮೇಲೆ. ಭೇದಿಯಿಂದ ಬಳಲುತ್ತಿದ್ದ ಸಿಂಪ್ಸನ್‌ಗೆ ಬ್ರಾಂಡಿಗಿಂತ ಅಗತ್ಯವಾಗಿದ್ದದ್ದು ಇಂತಹ ನೀರು ಮತ್ತು ಒಂದೆರಡು ದಿನಗಳ ವಿಶ್ರಾಂತಿ.

ಸಂಗಮದ ಹಾದಿ ಹಿಡಿಯುವ ನಮ್ಮ ಸವಾರರಿಗೆ ಇದರಿಂದ ಪಾಠವಿದೆ. ದೇಹದ ತೂಕದ ಶೇಕಡಾ 2ರಷ್ಟು ನೀರು ಕಳೆದರೇ ಸವಾರನ ಸಾಮರ್ಥ್ಯ ಇಳಿಯತೊಡಗುತ್ತದೆ. 70 ಕಿಲೋ ತೂಕದವನಿಗೆ ಅದು ಸುಮಾರು ಒಂದೂವರೆ ಲೀಟರ್. ಹೊರಡುವ ಮುನ್ನ ಮತ್ತು ಬಂದ ಮೇಲೆ ತೂಕ ನೋಡಿಕೊಂಡರೆ ಲೆಕ್ಕ ಸುಲಭ. ಕಡಿಮೆಯಾದ ಪ್ರತಿ ಕಿಲೋ ಹೆಚ್ಚುಕಡಿಮೆ ಒಂದು ಲೀಟರ್ ನೀರಿನ ಕೊರತೆಯನ್ನು ಹೇಳುತ್ತದೆ. ಬಿಸಿಲಿನಲ್ಲಿ ತಾಸಿಗೆ ಅರ್ಧದಿಂದ ಮುಕ್ಕಾಲು ಲೀಟರ್, ಗುಟುಕು ಗುಟುಕಾಗಿ ಕುಡಿಯುವುದು ಬಹುತೇಕರಿಗೆ ಹೊಂದುತ್ತದೆ. ಹಾಗೆಂದು ಬರೀ ನೀರನ್ನೇ ಮಿತಿಮೀರಿ ಕುಡಿಯುವುದೂ ಅಪಾಯ. ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಗೊಂದಲ ಕಾಣಿಸಿಕೊಂಡು ಪ್ರಾಣಕ್ಕೇ ಸಂಚಕಾರ ಬರಬಹುದು.

ಇದಕ್ಕೆ ದುಬಾರಿ ಪುಡಿಗಳೇ ಬೇಕೆಂದಿಲ್ಲ. ಉಪ್ಪು ಬೆರೆಸಿದ ನೀರುಮಜ್ಜಿಗೆ, ಚಿಟಿಕೆ ಉಪ್ಪು ಹಾಕಿದ ಬೆಲ್ಲದ ಪಾನಕ, ನಿಂಬೆ ಶರಬತ್ತು ನಮ್ಮ ಹಿರಿಯರು ಬೇಸಿಗೆಗೆಂದೇ ಕೊಟ್ಟುಹೋದ ಪಾನೀಯಗಳು. ಎಳನೀರು ಉತ್ತಮವೇ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಆದ್ದರಿಂದ ಜೊತೆಗೆ ಒಂದಿಷ್ಟು ಉಪ್ಪಿನಂಶ ಇರಲಿ. ಆಹಾರದ ವಿಚಾರವೂ ಅಷ್ಟೇ. ಒಂದೂವರೆ ತಾಸಿಗೆ ಮೀರಿದ ಸವಾರಿಯಲ್ಲಿ ತಾಸಿಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಬೇಕು. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಸಿಗುತ್ತದೆ. ಕನಕಪುರ ಸೀಮೆಯ ರಾಗಿಮುದ್ದೆ ನಿಧಾನವಾಗಿ ಶಕ್ತಿ ಕೊಡುವ ಆಹಾರ. ಅದು ಹಿಂದಿನ ರಾತ್ರಿಯ ಊಟಕ್ಕೆ ಸರಿ, ಏರು ಹತ್ತುವ ಮುನ್ನವಲ್ಲ. ಕಾಡಿನ ಹಾದಿಯಲ್ಲಿ ಅಂಗಡಿಗಳು ವಿರಳವಾದ್ದರಿಂದ ದೊಡ್ಡಆಲಹಳ್ಳಿಯಲ್ಲಿಯೇ ಸೀಸೆಗಳನ್ನು ತುಂಬಿಕೊಳ್ಳುವುದು ಜಾಣತನ.

ಎಲ್ಲಕ್ಕಿಂತ ಮುಖ್ಯವಾದದ್ದು ಜೊತೆಗಾರರ ಹೊಣೆ. ಸವಾರ ಓಲಾಡುತ್ತಿದ್ದರೆ, ಮಾತು ಅಸಂಬದ್ಧವಾದರೆ, ಮೈ ಕಾದ ಹೆಂಚಿನಂತಾದರೆ ಅದು ಕೇವಲ ಸುಸ್ತಲ್ಲ. ದೇಹದ ಒಳಗಿನ ತಾಪ 40 ಡಿಗ್ರಿ ಮೀರಿ ಬಿಸಿಲಾಘಾತವಾಗಿರುವ ಸಾಧ್ಯತೆ ಇದೆ. ತಕ್ಷಣ ನೆರಳಿಗೆ ಸಾಗಿಸಿ, ಮೈಮೇಲೆ ನೀರು ಸುರಿದು, ಗಾಳಿ ಬೀಸಿ, ಆಸ್ಪತ್ರೆಗೆ ಒಯ್ಯಬೇಕು. ಪ್ರಜ್ಞೆ ಸರಿಯಿಲ್ಲದವನ ಬಾಯಿಗೆ ನೀರು ಹಾಕಬಾರದು. ಆತ ಎಷ್ಟೇ ಹಟ ಹಿಡಿದರೂ ಮತ್ತೆ ಸೈಕಲ್ ಏರಿಸಲೇಬಾರದು. ಆ ಹೊತ್ತಿನಲ್ಲಿ ಮಾತನಾಡುತ್ತಿರುವುದು ಆತನ ವಿವೇಕವಲ್ಲ.

ಮಾಂಟ್ ವೆಂಟೂ ಶಿಖರಕ್ಕೆ ಸುಮಾರು ಒಂದು ಕಿಲೋಮೀಟರ್ ಕೆಳಗೆ, ಸಿಂಪ್ಸನ್ ಕುಸಿದ ಕಡೆ 1968ರಲ್ಲಿ ಸ್ಮಾರಕಶಿಲೆ ಎದ್ದಿತು. ಬೆಟ್ಟ ಹತ್ತುವ ಸವಾರರು ಅಲ್ಲಿ ಇಳಿದು ಟೋಪಿಯನ್ನೋ ನೀರಿನ ಸೀಸೆಯನ್ನೋ ಇಟ್ಟು ಹೋಗುತ್ತಾರೆ. 2009ರ ಟೂರ್ ಆ ಬೆಟ್ಟಕ್ಕೆ ಬಂದಾಗ ಬ್ರಾಡ್ಲಿ ವಿಗಿನ್ಸ್ ತನ್ನ ಸೈಕಲ್ಲಿಗೆ ಸಿಂಪ್ಸನ್‌ನ ಭಾವಚಿತ್ರ ಅಂಟಿಸಿಕೊಂಡು ಹತ್ತಿದ. ಮೂರು ವರ್ಷಗಳ ನಂತರ, 2012ರಲ್ಲಿ, ಟೂರ್ ಡಿ ಫ್ರಾನ್ಸ್ ಗೆದ್ದ ಮೊದಲ ಬ್ರಿಟನ್ ಸವಾರನಾದ. ಸಿಂಪ್ಸನ್ ಕಂಡ ಕನಸು ನನಸಾಗಲು ಅರ್ಧ ಶತಮಾನ ಬೇಕಾಯಿತು.

ಬಾಯಾರಿ ಸತ್ತವನ ಕಲ್ಲಿನ ಮುಂದೆ ಸಾಲಾಗಿ ಇಟ್ಟ ನೀರಿನ ಸೀಸೆಗಳು ಒಂದು ರೀತಿಯಲ್ಲಿ ತಡವಾಗಿ ಬಂದ ಉಪಚಾರ. ಮುಂದಿನ ಭಾನುವಾರ ಸಂಗಮದಿಂದ ಹಿಂತಿರುಗುವ ಏರಿನಲ್ಲಿ ನಾಲಿಗೆ ಒಣಗಿದಾಗ, ಶಿಖರ ಇನ್ನೇನು ಹತ್ತಿರವೆಂದು ಮನಸ್ಸು ಮುಂದೂಡುವಾಗ, ಒಂದು ಮರದ ನೆರಳಿನಲ್ಲಿ ಸೈಕಲ್ ನಿಲ್ಲಿಸಿ ನೀರು ಕುಡಿಯಿರಿ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ, ಮನೆಯಲ್ಲಿ ಕಾಯುವವರಿದ್ದಾರೆ.